ನಾಲ್ಕು ಕಾಲಿನ ಲೆಕ್ಕ: ಕೊಡಗಿನ ತೋಟ, ಕಾಡು ಮತ್ತು ನಿಂಫಾಲಿಡ್ ಚಿಟ್ಟೆಗಳು

(ಕಾಫಿ ಬೆಳೆಗಾರರು ಮತ್ತು ಅರಣ್ಯಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಕೊಡಗಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಕಾಲು ಎಣಿಸೋಣ. ಕೀಟಕ್ಕೆ ಆರು ಕಾಲು ಎಂದು ಶಾಲೆಯಲ್ಲೇ ಓದಿದ್ದೇವೆ. ಈಗ ಪರದೆಯ ಮೇಲಿರುವ ಕಾಮನ್ ಕ್ರೋ ಚಿಟ್ಟೆಯನ್ನು ನೋಡಿ. ಕಣಗಿಲೆ ಎಲೆಯ ಮೇಲೆ ನಿಂತಿದೆ, ಎಷ್ಟು ಸಲ ಎಣಿಸಿದರೂ ನಾಲ್ಕೇ ಕಾಲು. ಉಳಿದ ಎರಡು ತಲೆಯ ಕೆಳಗೆ, ಎದೆಗೆ ಒತ್ತಿಕೊಂಡು ಮಡಚಿಟ್ಟಿವೆ. ಅವು ನಡೆಯುವುದಕ್ಕೂ ಬರುವುದಿಲ್ಲ, ನಿಲ್ಲುವುದಕ್ಕೂ ಬರುವುದಿಲ್ಲ. ಗಂಡಿನಲ್ಲಿ ಆ ಕಾಲಿನ ತುದಿಯ ಗೆಣ್ಣುಗಳೆಲ್ಲ ಕೂಡಿಕೊಂಡು ಒಂದೇ ತುಂಡಾಗಿ, ಉಗುರಿಲ್ಲದೆ, ಸುತ್ತಲೂ ಕೂದಲು ಬೆಳೆದು ಸಣ್ಣ ಕುಂಚದಂತೆ ಕಾಣುತ್ತದೆ. ನಿಂಫಾಲಿಡೇ ಕುಟುಂಬಕ್ಕೆ ಕುಂಚಗಾಲಿನ ಚಿಟ್ಟೆಗಳು ಎಂಬ ಹೆಸರು ಬಂದದ್ದು ಹಾಗೆ.

ಹೆಣ್ಣಿನ ಮುಂಗಾಲು ಬೇರೆ. ಅದೂ ಗಿಡ್ಡ, ಅದಕ್ಕೂ ಉಗುರಿಲ್ಲ. ಆದರೆ ತುದಿಯಲ್ಲಿ ನಾಲ್ಕೈದು ಗೆಣ್ಣುಗಳು ಉಳಿದಿರುತ್ತವೆ. ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರದಲ್ಲಿ ಆ ಗೆಣ್ಣುಗಳ ತಳ ನೋಡಿದರೆ ಚೂಪಾದ ಮುಳ್ಳುಗಳು, ಅವುಗಳ ನಡುವೆ ಸಣ್ಣ ಸಂವೇದಿ ಕೂದಲುಗಳು ಕಾಣುತ್ತವೆ. ಮೊಟ್ಟೆಯಿಡಲು ಗಿಡ ಹುಡುಕುವ ಹೆಣ್ಣು ಎಲೆಯ ಮೇಲೆ ಇಳಿದ ಕೂಡಲೇ ಈ ಎರಡು ಕಾಲುಗಳಿಂದ ಪಟಪಟನೆ ಬಡಿಯುತ್ತದೆ. ಮುಳ್ಳು ಎಲೆಯ ಮೇಲ್ಪದರವನ್ನು ಗೀಚುತ್ತದೆ, ಕೂದಲು ರಸದ ರುಚಿ ನೋಡುತ್ತದೆ. ರುಚಿ ಸರಿಯಿದ್ದರೆ ಹೊಟ್ಟೆಯ ತುದಿ ಬಾಗಿಸಿ ಮೊಟ್ಟೆಯಿಡುತ್ತದೆ, ಇಲ್ಲವಾದರೆ ಒಂದೆರಡು ಸೆಕೆಂಡಿನಲ್ಲಿ ಮುಂದಿನ ಗಿಡಕ್ಕೆ ಹಾರುತ್ತದೆ.

ತೋಟದಲ್ಲಿ ನೆಲಮಟ್ಟದಲ್ಲಿ ನಿಧಾನವಾಗಿ ಹಾರುತ್ತ, ಎಲೆಯಿಂದ ಎಲೆಗೆ ಇಳಿದು ಏಳುವ ಚಿಟ್ಟೆ ಕಂಡರೆ ಕ್ಯಾಮೆರಾ ಬದಿಗಿಡಿ. ಅದು ಎಷ್ಟು ಗಿಡ ಮುಟ್ಟಿತು, ಯಾವುದನ್ನು ಬಿಟ್ಟಿತು, ಕೊನೆಗೆ ಯಾವುದರಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಹೂವಿನ ಮೇಲೆ ಕುಳಿತ ಚಿಟ್ಟೆಯ ನೂರು ಫೋಟೊಗಿಂತ ಈ ಮೂರು ಸಾಲಿನ ಟಿಪ್ಪಣಿ ಸಂಶೋಧನೆಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದೂ ಇಷ್ಟೇ: ಈ ಕುಟುಂಬದ ವೈವಿಧ್ಯ ಅರ್ಥವಾಗಬೇಕಾದರೆ ರೆಕ್ಕೆಯ ಜೊತೆಗೆ ಎಲೆಯನ್ನೂ ತಿಂಗಳನ್ನೂ ನೋಡಬೇಕು.

ಕಾಲಿನ ನಿಯಮಕ್ಕೆ ಒಂದು ಅಪವಾದವಿದೆ. ಬೀಕ್ ಚಿಟ್ಟೆಗಳು, ಅಂದರೆ ಮುಖದ ಮುಂದೆ ಕೊಕ್ಕಿನಂತೆ ಚಾಚಿದ ಅಂಗವಿರುವ ಲಿಬಿಥಿಯ ಗುಂಪು. ಇವುಗಳ ಹೆಣ್ಣಿಗೆ ಆರೂ ಕಾಲು ಪೂರ್ತಿ ಇವೆ, ಗಂಡಿಗೆ ಮಾತ್ರ ಮುಂಗಾಲು ಕುಗ್ಗಿದೆ. ಕುಟುಂಬದ ವಂಶವೃಕ್ಷದಲ್ಲಿ ಎಲ್ಲರಿಗಿಂತ ಮೊದಲು ಕವಲೊಡೆದ ಗುಂಪೂ ಇದೇ.

ವರ್ಗೀಕರಣವನ್ನು ಬೇಗ ಮುಗಿಸಿಬಿಡುತ್ತೇನೆ. ಪ್ರಪಂಚದಲ್ಲಿ ಸುಮಾರು 6,000 ಪ್ರಭೇದ, ಹನ್ನೆರಡು ಉಪಕುಟುಂಬ, ಚಿಟ್ಟೆಗಳಲ್ಲೇ ಅತಿ ದೊಡ್ಡ ಕುಟುಂಬ. ಹಳೆಯ ಪುಸ್ತಕಗಳಲ್ಲಿ ಟೈಗರ್ ಮತ್ತು ಕ್ರೋ ಚಿಟ್ಟೆಗಳು ಡನೇಡೇ ಎಂದೂ, ಕಂದುಬಣ್ಣದ ಬುಶ್‌ಬ್ರೌನ್‌ಗಳು ಸಟಿರಿಡೇ ಎಂದೂ ಬೇರೆ ಕುಟುಂಬಗಳಾಗಿದ್ದವು, ಈಗ ಎಲ್ಲ ಒಂದೇ ಸೂರಿನಡಿ ಬಂದಿವೆ. ಡಿಎನ್‌ಎ ಆಧರಿಸಿದ 2009ರ ಅಧ್ಯಯನವೊಂದರ ಪ್ರಕಾರ ಡೈನೊಸಾರ್‌ಗಳು ಅಳಿದ ಕಾಲದಲ್ಲಿ ಈ ಕುಟುಂಬವೂ ಬಹುತೇಕ ನಾಶವಾಗಿ, ಬದುಕುಳಿದ ಹತ್ತು ಹನ್ನೆರಡು ಕವಲುಗಳಿಂದ ಇಂದಿನ ವೈವಿಧ್ಯ ಬೆಳೆಯಿತು.

ಈಗ ನಮ್ಮ ಊರಿಗೆ ಬರೋಣ. ಕೊಡಗಿನ ಚಿಟ್ಟೆಗಳ ಪಟ್ಟಿ ಹೊಸದೇನಲ್ಲ. 1930ರ ದಶಕದ ಆರಂಭದಲ್ಲೇ ಜೆ. ಎ. ಯೇಟ್ಸ್ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದ್ದರು. ಪಶ್ಚಿಮಘಟ್ಟದ 330ಕ್ಕೂ ಹೆಚ್ಚು ಚಿಟ್ಟೆ ಪ್ರಭೇದಗಳಲ್ಲಿ ನಿಂಫಾಲಿಡ್‌ಗಳ ಪಾಲು ದೊಡ್ಡದು. ಕೊಡಗಿನ ಅನುಕೂಲವೆಂದರೆ ಮಳೆಯ ಏರಿಳಿತ. ಭಾಗಮಂಡಲದ ಕಡೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುತ್ತದೆ, ಕುಶಾಲನಗರಕ್ಕೆ ಇಳಿಯುವಷ್ಟರಲ್ಲಿ ಅದರ ಕಾಲುಭಾಗಕ್ಕೂ ಕಡಿಮೆ. ಪಶ್ಚಿಮದ ನಿತ್ಯಹರಿದ್ವರ್ಣ ಕಾಡಿನಲ್ಲಿ ಕಾಗದದ ಚೂರಿನಂತೆ ತೇಲುವ ಮಲಬಾರ್ ಟ್ರೀ ನಿಂಫ್ ಸಿಗುತ್ತದೆ. ಪೂರ್ವದ ಒಣಗಾಡಿನ ಅಂಚಿನಲ್ಲಿ ಹುಣಸೆ ಮರ ಹುಡುಕುವ ಬ್ಲ್ಯಾಕ್ ರಾಜಾ ಸಿಗುತ್ತದೆ. ನಡುವೆ ನಿಮ್ಮ ತೋಟಗಳಿವೆ.

ತೋಟದ ಮಾತು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕುಳಿತವರಲ್ಲಿ ಹೆಚ್ಚಿನವರಿಗೆ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಯಾವಾಗ, ಕಳೆ ತೆಗೆಯುವುದು ಯಾವಾಗ ಎಂದು ತೀರ್ಮಾನಿಸುವ ಅಧಿಕಾರವಿದೆ. ನೆರಳಿಗೆ ಬಿಟ್ಟ ಅತ್ತಿ, ಬಸರಿ, ಗೋಳಿ ಮರಗಳ ಎಳೆ ಎಲೆ ಕಾಮನ್ ಕ್ರೋ ಮರಿಹುಳುವಿಗೂ ಮ್ಯಾಪ್ ಚಿಟ್ಟೆಯ ಮರಿಹುಳುವಿಗೂ ಆಹಾರ. ಮ್ಯಾಪ್ ಎಂದರೆ ಬಿಳಿ ರೆಕ್ಕೆಯ ಮೇಲೆ ಭೂಪಟದ ಗೆರೆ ಎಳೆದಂತೆ ಇರುವುದು, ರೆಕ್ಕೆ ಚಪ್ಪಟೆ ಹರಡಿ ಎಲೆಯ ಕೆಳಗೆ ಕೂರುವುದು. ಮಾವಿನ ಎಲೆಯ ನಡುನರದ ಮೇಲೆ ಉದ್ದಕ್ಕೆ ಮಲಗಿ, ಎರಡೂ ಬದಿಗೆ ಗರಿಯಂತೆ ಕವಲು ಮುಳ್ಳು ಚಾಚಿ, ಎಲೆಯಲ್ಲೇ ಮಾಯವಾಗುವ ಹಸಿರು ಹುಳು ಬ್ಯಾರನ್‌ನದು. ಅದರ ಸೋದರ ಗಾಡಿ ಬ್ಯಾರನ್ ಮರದ ಮೇಲಿನ ಬಂದಳಿಕೆಯನ್ನು ತಿನ್ನುತ್ತದೆ. ಬಂದಳಿಕೆ ಕಂಡಲ್ಲೆಲ್ಲ ಕಡಿಸುವುದು ತೋಟಗಾರರ ರೂಢಿ, ಮರ ಉಳಿಯಬೇಕಲ್ಲ. ಬೇಲಿ ಅಂಚಿನ ಒಂದೆರಡು ಹಳೆ ಮರಗಳ ಮೇಲೆ ಬಿಟ್ಟರೆ ಕಾಫಿಗೆ ನಷ್ಟವಿಲ್ಲ. ಹರಳು ಗಿಡ ಮತ್ತು ತುರಿಕೆ ಬಳ್ಳಿಯಲ್ಲಿ ಕಾಮನ್ ಕ್ಯಾಸ್ಟರ್, ಗೋರಟೆಯಲ್ಲಿ ಲೆಮನ್ ಪ್ಯಾನ್ಸಿ, ಮುಸ್ಸಂಡದಲ್ಲಿ ಕಮಾಂಡರ್, ಬಿದಿರಿನಲ್ಲಿ ಸದರ್ನ್ ಡಫರ್, ಗುರ್ಗಿಯಲ್ಲಿ ಒಣಗಿದ ಎಲೆಯಂತೆ ರೆಕ್ಕೆ ಮಡಚುವ ಬ್ಲೂ ಓಕ್‌ಲೀಫ್.

ಹಾಗಾದರೆ ತೋಟದಲ್ಲಿ ನೆರಳಿಗೆ ನೆಡುವ ಸಿಲ್ವರ್ ಓಕ್ ಮರದಲ್ಲಿ ಏನಿದೆ? ಆಸ್ಟ್ರೇಲಿಯದಿಂದ ಬಂದ ಆ ಮರದ ಎಲೆಯನ್ನು ನಾನು ಈಗ ಹೆಸರಿಸಿದ ಯಾವ ಚಿಟ್ಟೆಯೂ ತಿನ್ನುವುದಿಲ್ಲ. ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮಾರಲು ಸುಲಭ, ಎಲ್ಲ ಒಪ್ಪುತ್ತೇನೆ. ಆದರೆ ತೋಟವನ್ನು ಮೇಲಿನಿಂದ ನೋಡಿ ಹಸಿರಿದೆ ಎಂದರೆ ಸಾಲದು, ಆ ಹಸಿರು ಯಾರ ಹೊಟ್ಟೆಗೆ ಎಂಬುದೂ ಲೆಕ್ಕವೇ.

ಮರಿಹುಳು ಸಾಕುವ ಕ್ರಮಕ್ಕೆ ಬರುತ್ತೇನೆ. ಯಾವ ಹುಳು ಯಾವ ಚಿಟ್ಟೆಯಾಗುತ್ತದೆ ಎಂದು ಮನೆಯಲ್ಲೇ ಖಚಿತಪಡಿಸಿಕೊಳ್ಳಲು ಇದು ಒಳ್ಳೆಯ ದಾರಿ. ಅಗಲ ಬಾಯಿಯ ಡಬ್ಬಿ ತೆಗೆದುಕೊಂಡು ಮುಚ್ಚಳದ ಬದಲು ತೆಳು ಹತ್ತಿಬಟ್ಟೆ ಕಟ್ಟಿ. ತಳಕ್ಕೆ ಕಾಗದ ಹಾಸಿ. ಹುಳು ಸಿಕ್ಕಿದ ಗಿಡದ ಎಲೆಯನ್ನೇ ಕೊಡಿ, ಪಕ್ಕದ ಗಿಡದ್ದು ಬೇಡ. ಮಳೆಗಾಲದಲ್ಲಿ ಎಲೆಯನ್ನು ಒರೆಸಿ ಒಣಗಿಸಿಯೇ ಹಾಕಬೇಕು, ನೀರು ನಿಂತ ಎಲೆ ತಿಂದ ಹುಳುವಿನ ಹಿಕ್ಕೆ ನೀರಾಗಿ ಹುಳು ಸೊರಗುತ್ತದೆ. ದಿನಕ್ಕೊಮ್ಮೆ ಹಿಕ್ಕೆ ತೆಗೆದು ಕಾಗದ ಬದಲಿಸಿ. ಕಾಂಡಕೊರಕಕ್ಕೆ ಔಷಧಿ ಹೊಡೆದ ಕಡೆಯ ಎಲೆ ತಂದರೆ ಮರುದಿನವೇ ಗೊತ್ತಾಗುತ್ತದೆ: ಹುಳು ತಲೆ ಒದರುತ್ತದೆ, ಹಸಿರು ವಾಂತಿ ಮಾಡುತ್ತದೆ, ಸಾಯುತ್ತದೆ. ಹುಳು ಮೆತ್ತಗಾಗಿ, ಕಪ್ಪಾಗಿ, ತಲೆಕೆಳಗಾಗಿ ಜೋತುಬಿದ್ದರೆ ಅದು ವೈರಸ್. ಆ ಡಬ್ಬಿಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆಯದೆ ಮತ್ತೆ ಬಳಸಬೇಡಿ.

ನಿಂಫಾಲಿಡ್‌ಗಳ ಕೋಶ, ಅಂದರೆ ಮರಿಹುಳು ಚಿಟ್ಟೆಯಾಗುವ ಮೊದಲಿನ ಪ್ಯೂಪಾ ಹಂತ, ಬಾಲದ ತುದಿಯ ಕೊಕ್ಕೆಯೊಂದರಿಂದಲೇ ತಲೆಕೆಳಗಾಗಿ ನೇತಾಡುತ್ತದೆ. ನಿಂಬೆ ಗಿಡದ ಚಿಟ್ಟೆಗಿರುವಂತೆ ಸೊಂಟಕ್ಕೆ ರೇಷ್ಮೆಯ ದಾರ ಇದಕ್ಕಿಲ್ಲ. ಆದ್ದರಿಂದ ಡಬ್ಬಿಯಲ್ಲಿ ಕೋಶದ ಕೆಳಗೆ ರೆಕ್ಕೆ ಪೂರ್ತಿ ಇಳಿಬಿಡುವಷ್ಟು ಜಾಗ ಇರಲೇಬೇಕು. ಜಾಗ ಸಾಲದಿದ್ದರೆ ಹೊರಬಂದ ಚಿಟ್ಟೆಯ ರೆಕ್ಕೆ ಮುದುಡಿಯೇ ಗಟ್ಟಿಯಾಗುತ್ತದೆ, ಆಮೇಲೆ ಯಾರೂ ಬಿಡಿಸಲಾರರು. ಕೋಶ ಬಿದ್ದರೆ ತುದಿಯ ರೇಷ್ಮೆಗೆ ದಾರ ಕಟ್ಟಿ ನೇತುಹಾಕಿ. ಕಾಮನ್ ಕ್ರೋ ಕೋಶವನ್ನು ನೋಡದವರು ಒಮ್ಮೆ ನೋಡಬೇಕು, ಬೆಳ್ಳಿಯ ಲೇಪ ಕೊಟ್ಟಂತೆ ಹೊಳೆಯುತ್ತದೆ. ಅದರಲ್ಲಿ ಲೋಹವಿಲ್ಲ. ಹೊರಪೊರೆಯ ನೂರಾರು ತೆಳುಪದರಗಳು ಬೆಳಕನ್ನು ಹಿಂದಕ್ಕೆ ಚಿಮ್ಮಿಸುವುದರಿಂದ ಆ ಹೊಳಪು. ಪರೋಪಜೀವಿ ನೊಣದ ಮರಿ ಒಳಗಿದ್ದರೆ ಕೋಶದ ಮೇಲೆ ಕಂದು ಕಲೆ ಮೂಡಿ, ಕೆಲವು ದಿನಗಳಲ್ಲಿ ಬಿಳಿ ಹುಳು ಲೋಳೆಯ ದಾರ ಹಿಡಿದು ಕೆಳಗಿಳಿಯುತ್ತದೆ. ಚಿಟ್ಟೆ ಬರಲಿಲ್ಲವೆಂದು ಅದನ್ನು ಎಸೆಯಬೇಡಿ. ಆ ನೊಣವನ್ನೂ ಬೆಳೆಯಲು ಬಿಟ್ಟು, ದಿನಾಂಕ ಮತ್ತು ಗಿಡದ ಹೆಸರು ಬರೆದಿಡಿ. ಅಂಥ ದಾಖಲೆ ಚಿಟ್ಟೆಯ ಫೋಟೊಗಿಂತ ಅಪರೂಪ.

ಇನ್ನು ಋತುರೂಪ, ಅಂದರೆ ಒಂದೇ ಪ್ರಭೇದ ಋತುವಿಗೆ ತಕ್ಕಂತೆ ಬೇರೆ ಬೇರೆಯಾಗಿ ಕಾಣುವುದು. ಗದ್ದೆಯ ಬದುವಿನಲ್ಲಿ, ಮುಸ್ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಕಾಣುವ ಕಾಮನ್ ಈವ್ನಿಂಗ್ ಬ್ರೌನ್ ನಿಮಗೆಲ್ಲ ಪರಿಚಯ. ಇದರ ಮರಿಹುಳು ಹುಲ್ಲನ್ನೂ ಭತ್ತದ ಎಲೆಯನ್ನೂ ತಿನ್ನುತ್ತದೆ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಹಿಡಿದ ಚಿಟ್ಟೆಯ ರೆಕ್ಕೆಯ ಅಡಿಭಾಗದಲ್ಲಿ ಸಾಲಾಗಿ ದುಂಡು ಕಣ್ಚುಕ್ಕೆಗಳಿರುತ್ತವೆ. ಸುಗ್ಗಿಯ ಹಬ್ಬ ಹುತ್ತರಿ ಕಳೆದು, ಒಣ ಕಾಲದ ಕಾಫಿ ಕುಯ್ಲಿನ ಹೊತ್ತಿಗೆ ಸಿಗುವುದರಲ್ಲಿ ಆ ಕಣ್ಣುಗಳು ಚುಕ್ಕೆಯಾಗಿ ಕುಗ್ಗಿರುತ್ತವೆ ಅಥವಾ ಇರುವುದೇ ಇಲ್ಲ, ರೆಕ್ಕೆ ಪೂರ್ತಿ ತರಗೆಲೆ. ಒಂದು ಹಳದಿ, ಒಂದು ಕೆಂಪುಕಂದು, ಒಂದಕ್ಕೆ ಕಪ್ಪು ಮಚ್ಚೆ, ಹೀಗೆ ಒಂದರಂತೆ ಒಂದಿಲ್ಲ. ಎರಡು ಬೇರೆ ಪ್ರಭೇದ ಎಂದು ಪಟ್ಟಿಗೆ ಸೇರಿಸುವವರು ಈಗಲೂ ಇದ್ದಾರೆ.

ಕಾರಣ ಶತ್ರುವಿನಲ್ಲಿದೆ. ಒಣ ಕಾಲದಲ್ಲಿ ತರಗೆಲೆಯ ಮೇಲೆ ಅಲುಗಾಡದೆ ಕೂರುವುದೇ ರಕ್ಷಣೆ, ಆಗ ಕಣ್ಚುಕ್ಕೆ ಗುಟ್ಟು ಬಿಟ್ಟುಕೊಡುತ್ತದೆ. ಮಳೆಗಾಲದಲ್ಲಿ ಹಸಿರು ಹಿನ್ನೆಲೆಯಲ್ಲಿ ಅಡಗುವುದು ಕಷ್ಟ. ಆಗ ಅಂಚಿನ ಚುಕ್ಕೆಗಳು ಶತ್ರುವಿನ ಏಟನ್ನು ತಲೆಯಿಂದ ದೂರ, ರೆಕ್ಕೆಯ ತುದಿಗೆ ಸೆಳೆಯುತ್ತವೆ. ಆಫ್ರಿಕದ ಬಿಸೈಕ್ಲಸ್ ಅನೈನಾನ ಎಂಬ ಚಿಟ್ಟೆಯನ್ನು ಮಿಡತೆಹಿಡಿಯುವ ಮ್ಯಾಂಟಿಸ್ ಮುಂದೆ ಬಿಟ್ಟು ಇದನ್ನು ಪರೀಕ್ಷಿಸಿದ್ದಾರೆ. ದೊಡ್ಡ ಕಣ್ಣಿನ ಕೆಲಸ ಬೇರೆ, ಅದು ಹೆದರಿಸುತ್ತದೆ. ಯುರೋಪಿನ ಪೀಕಾಕ್ ಚಿಟ್ಟೆಯನ್ನು ಬ್ಲೂ ಟಿಟ್ ಹಕ್ಕಿಯ ಮುಂದಿಟ್ಟಾಗ ಕಣ್ಣುಳ್ಳ 34ರಲ್ಲಿ ಒಂದು ಮಾತ್ರ ಸತ್ತಿತು, ಕಣ್ಣನ್ನು ಬಣ್ಣದಿಂದ ಮುಚ್ಚಿದ 20ರಲ್ಲಿ 13 ಸತ್ತವು.

ಕಣ್ಚುಕ್ಕೆ ಮೂಡುವ ಬಗೆಯೂ ಬಹಳಷ್ಟು ಗೊತ್ತಾಗಿದೆ. ನಮ್ಮ ಪ್ಯಾನ್ಸಿಗಳ ಅಮೆರಿಕದ ದಾಯಾದಿ ಜುನೋನಿಯ ಸೀನಿಯಾ. ಅದರ ಎಳೆ ಕೋಶದಲ್ಲಿ, ಮುಂದೆ ಚುಕ್ಕೆಯ ನಡುವಾಗಬೇಕಾದ ಜೀವಕೋಶಗಳನ್ನು ಸೂಜಿಯಿಂದ ಸುಟ್ಟರೆ ಚುಕ್ಕೆ ಬರುವುದಿಲ್ಲ. ಅದೇ ಜೀವಕೋಶಗಳನ್ನು ಕಿತ್ತು ರೆಕ್ಕೆಯ ಬೇರೆ ಕಡೆ ನೆಟ್ಟರೆ ಅಲ್ಲಿ ಚುಕ್ಕೆ ಬರುತ್ತದೆ. 1980ರಲ್ಲಿ ಫ್ರೆಡ್ ನೈಹೌಟ್ ತೋರಿಸಿದ್ದು ಇದು. 1994ರಲ್ಲಿ ಆ ನಡುಭಾಗದಲ್ಲಿ ಕೆಲಸ ಮಾಡುವ ಜೀನ್ ಪತ್ತೆಯಾಯಿತು: ಡಿಸ್ಟಲ್‌ಲೆಸ್, ಕೀಟಗಳಲ್ಲಿ ಕಾಲು ಬೆಳೆಸುವ ಜೀನ್. ಎರಡು ಕಾಲನ್ನು ಅರ್ಧಕ್ಕೇ ನಿಲ್ಲಿಸಿದ ಕುಟುಂಬ ಕಾಲಿನ ಜೀನನ್ನು ರೆಕ್ಕೆಗೆ ಚಿತ್ರ ಬರೆಯಲು ಹಚ್ಚಿದೆ. ಈ ಎರಡಕ್ಕೂ ಸಂಬಂಧವಿದೆ ಎಂದು ದಯವಿಟ್ಟು ತಿಳಿಯಬೇಡಿ, ಕಣ್ಚುಕ್ಕೆಯ ಚಿಟ್ಟೆಗಳಲ್ಲೂ ನಡುಗಾಲು ಹಿಂಗಾಲು ನೆಟ್ಟಗೇ ಇವೆ. 2017ರಲ್ಲಿ ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರ ಬಳಸಿ ಆಪ್ಟಿಕ್ಸ್ ಎಂಬ ಜೀನನ್ನು ನಿಲ್ಲಿಸಿದಾಗ ಕೆಂಪು ಕಂದು ಬಣ್ಣಗಳು ಕಪ್ಪಾದವು, ಸೀನಿಯಾದಲ್ಲಿ ಹೊಳೆಯುವ ನೀಲಿಯೂ ಮೂಡಿತು.

ಈಗ ಕೊಡಗಿಗೇ ಹೊಂದುವ ಪ್ರಶ್ನೆ. ಬಿಸೈಕ್ಲಸ್‌ನಲ್ಲಿ ಋತುರೂಪ ತೀರ್ಮಾನಿಸುವುದು ಮರಿಹುಳುವಿನ ಕೊನೆಯ ಹಂತದ ಉಷ್ಣತೆ. 27 ಡಿಗ್ರಿಯಲ್ಲಿ ಬೆಳೆಸಿದರೆ ದೊಡ್ಡ ಕಣ್ಣು, 20ರ ಆಚೀಚೆ ಬೆಳೆಸಿದರೆ ಸಣ್ಣ ಕಣ್ಣು. ಅದರ ಊರಿನಲ್ಲಿ ಮಳೆಗಾಲವೇ ಬೆಚ್ಚಗಿನ ಕಾಲ, ಆದ್ದರಿಂದ ಲೆಕ್ಕ ಸರಿಹೋಗುತ್ತದೆ. ಮಡಿಕೇರಿಯಲ್ಲಿ ಏಪ್ರಿಲ್ ಬೆಚ್ಚಗೆ, ಜುಲೈ ಚಳಿ. ಅದೇ ನಿಯಮ ಇಲ್ಲಿ ಹಾಗೇ ನಡೆದರೆ ಕಕ್ಕಡದಲ್ಲಿ ತರಗೆಲೆ ರೂಪ ಬರಬೇಕಿತ್ತು. ವಿದ್ಯಾರ್ಥಿಗಳೇ, ಇದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಒಂದೇ ಹೆಣ್ಣು ಬುಶ್‌ಬ್ರೌನ್‌ನ ಮೊಟ್ಟೆಗಳನ್ನು ನಾಲ್ಕು ಪಾಲು ಮಾಡಿ. ಎರಡು ಉಷ್ಣತೆ, ಪ್ರತಿಯೊಂದರಲ್ಲಿ ಒಂದು ಪಾಲಿಗೆ ಎಳೆ ಹುಲ್ಲು, ಇನ್ನೊಂದಕ್ಕೆ ಬಲಿತ ಹುಲ್ಲು. ಪ್ರತಿ ಪಾಲಿಗೂ ಕನಿಷ್ಠ ಇಪ್ಪತ್ತು ಚಿಟ್ಟೆ ಹೊರಬರಬೇಕು, ಅಂದರೆ ಸಾವು ಲೆಕ್ಕಹಾಕಿ ಮೂವತ್ತು ಹುಳುವಿನಿಂದ ಶುರುಮಾಡಿ. ಒಂದು ತಾಯಿಯಿಂದ ಅಷ್ಟು ಬರದಿದ್ದರೆ ಮತ್ತೊಂದು ತಾಯಿಯ ಮೊಟ್ಟೆಗಳನ್ನೂ ಹಾಗೆಯೇ ನಾಲ್ಕು ಪಾಲು ಮಾಡಬೇಕು, ಒಬ್ಬಳದ್ದೆಲ್ಲ ಒಂದು ಪೆಟ್ಟಿಗೆಗೆ, ಇನ್ನೊಬ್ಬಳದ್ದು ಇನ್ನೊಂದಕ್ಕೆ ಹಾಕಬಾರದು. ಹಿಂರೆಕ್ಕೆಯ ಅಡಿಭಾಗವನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು, ಕ್ಯಾಮೆರಾ ನೇರ ಮೇಲಿನಿಂದ ಹಿಡಿದು ತೆಗೆಯಿರಿ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ದೊಡ್ಡ ಕಣ್ಚುಕ್ಕೆಯ ವ್ಯಾಸ ಅಳೆದು ರೆಕ್ಕೆಯ ಉದ್ದದಿಂದ ಭಾಗಿಸಿ. ಭಾಗಿಸದಿದ್ದರೆ ಬಲಿತ ಹುಲ್ಲು ತಿಂದು ಗಿಡ್ಡವಾದ ಚಿಟ್ಟೆಗೆ ಸಣ್ಣ ಕಣ್ಣಿದೆ ಎಂಬ ತಪ್ಪು ಫಲಿತಾಂಶ ಬರುತ್ತದೆ.

ಅನುಕರಣೆಯ ಬಗ್ಗೆ ಎಲ್ಲರಿಗೂ ಸ್ವಲ್ಪ ಗೊತ್ತಿದೆ. ಎಕ್ಕ ತಿಂದು ಬೆಳೆದ ಪ್ಲೇನ್ ಟೈಗರ್ ಹಕ್ಕಿಗೆ ಕಹಿ, ಡನೇಡ್ ಎಗ್‌ಫ್ಲೈ ಹೆಣ್ಣು ಅದರ ವೇಷ ಹಾಕುತ್ತದೆ, ಗಂಡು ಹಾಕುವುದಿಲ್ಲ. ಅದರ ಹತ್ತಿರದ ನೆಂಟ ಗ್ರೇಟ್ ಎಗ್‌ಫ್ಲೈ ಕಥೆ ಇನ್ನೂ ವಿಚಿತ್ರ. ನಮ್ಮ ತೋಟಗಳಲ್ಲೂ ಇರುವ ಈ ಚಿಟ್ಟೆಗೆ ಪೆಸಿಫಿಕ್ ದ್ವೀಪಗಳಲ್ಲಿ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯ ತಾಯಿಯಿಂದ ಮಕ್ಕಳಿಗೆ ಹರಡಿ ಗಂಡು ಭ್ರೂಣಗಳನ್ನು ಕೊಲ್ಲುತ್ತದೆ. ಸಮೋವಾದಲ್ಲಿ 2001ರಲ್ಲಿ ನೂರಕ್ಕೆ ಒಂದು ಗಂಡು. 2006ರ ಹೊತ್ತಿಗೆ ಸುಮಾರು ನಲವತ್ತು. ಬ್ಯಾಕ್ಟೀರಿಯ ಹೋಗಿರಲಿಲ್ಲ, ಅದನ್ನು ತಡೆಯುವ ಜೀನ್ ಚಿಟ್ಟೆಗಳಲ್ಲಿ ಹಬ್ಬಿತ್ತು. ಸಾಕಿದ ಎಗ್‌ಫ್ಲೈ ಮೊಟ್ಟೆಗಳಲ್ಲಿ ಅರ್ಧದಷ್ಟು ಒಡೆಯದೆ, ಒಡೆದವೆಲ್ಲ ಹೆಣ್ಣಾದರೆ ಸುಮ್ಮನಿರಬೇಡಿ.

ವಲಸೆ ನಿಮ್ಮ ಕಣ್ಣೆದುರೇ ನಡೆಯುತ್ತದೆ. ಮುಂಗಾರಿಗೆ ಮೊದಲು, ಏಪ್ರಿಲ್‌ನಿಂದ ಜೂನ್‌ವರೆಗೆ, ಡಾರ್ಕ್ ಬ್ಲೂ ಟೈಗರ್ ಮತ್ತು ಕ್ರೋಗಳು ಘಟ್ಟದಿಂದ ಪೂರ್ವದ ಬಯಲಿಗೆ ಸಾಗುತ್ತವೆ. ಕೈಲು ಮುಹೂರ್ತ ಕಳೆದು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಿಂದಿರುಗುತ್ತವೆ. ವಲಸೆ ಹೊರಟ ಹೆಣ್ಣುಗಳು ಮೊಟ್ಟೆ ಬೆಳೆಸುವುದನ್ನು ತಡೆಹಿಡಿದು ಹಾರಾಟಕ್ಕೆ ಶಕ್ತಿ ಉಳಿಸುತ್ತವೆ ಎಂದು ಬೆಂಗಳೂರಿನ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ. ಎಣಿಸುವ ವಿಧಾನ ಸರಳ: ಎರಡು ಮರಗಳ ನಡುವೆ ಒಂದು ಗೆರೆ ಊಹಿಸಿಕೊಂಡು, ಗಂಟೆಗೊಮ್ಮೆ ಐದು ನಿಮಿಷ, ದಾಟಿದವನ್ನು ದಿಕ್ಕಿನ ಸಮೇತ ಬರೆಯಿರಿ. ಹಿಂದಕ್ಕೆ ಹೋದವನ್ನೂ ಬರೆಯಬೇಕು, ಅದನ್ನು ಬಿಟ್ಟರೆ ತೋಟದೊಳಗೆ ಸುತ್ತಾಡುವ ಚಿಟ್ಟೆಗಳೂ ವಲಸೆ ಲೆಕ್ಕಕ್ಕೆ ಸೇರುತ್ತವೆ. ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ಸೆಣಬಿನ ಕುಲದ ಗಿಡಗಳು ಒಣಗಿದಲ್ಲಿ ಇವು ನೂರಾರು ಮುತ್ತುವುದನ್ನು ಕಂಡಿರುತ್ತೀರಿ. ಅಲ್ಲಿ ಮಕರಂದವಿಲ್ಲ. ಕಾಲಿನಿಂದ ಗೀಚಿ, ಸೊಂಡಿಲಿನಿಂದ ದ್ರವ ಬಿಟ್ಟು, ಕರಗಿದ ಆಲ್ಕಲಾಯ್ಡ್ ಎಂಬ ಸಸ್ಯ ರಾಸಾಯನಿಕವನ್ನು ಹೀರುತ್ತವೆ. ಹೆಚ್ಚಿನವು ಗಂಡುಗಳೇ. ಅದರಿಂದ ಹೆಣ್ಣನ್ನು ಒಲಿಸುವ ಗಂಧ ತಯಾರಿಸಿ ಹೊಟ್ಟೆಯ ತುದಿಯ ಕೂದಲಿನ ಕುಚ್ಚಿನಿಂದ ಹರಡುತ್ತವೆ.

ಕೊನೆಗೆ ಬಲೆ. ರಾಜಾ, ನವಾಬ್, ಬುಶ್‌ಬ್ರೌನ್, ಈವ್ನಿಂಗ್ ಬ್ರೌನ್ ಇವೆಲ್ಲ ಹೂವಿಗಿಂತ ಕೊಳೆತ ಹಣ್ಣಿಗೆ ಬರುತ್ತವೆ. ಮೂವತ್ತರಿಂದ ನಲವತ್ತು ಸೆಂಟಿಮೀಟರ್ ಅಗಲ, ಸುಮಾರು ಒಂದು ಮೀಟರ್ ಎತ್ತರದ ಸೊಳ್ಳೆಪರದೆ ಬಟ್ಟೆಯ ಕೊಳವೆ, ಮೇಲೆ ಮುಚ್ಚಿದ್ದು, ಕೆಳಗೆ ತೆರೆದದ್ದು. ಅದರ ಕೆಳಗೆ ಮೂರು ನಾಲ್ಕು ಸೆಂಟಿಮೀಟರ್ ಸಂದು ಬಿಟ್ಟು ತಟ್ಟೆ ತೂಗುಹಾಕಿ. ತಿಂದ ಚಿಟ್ಟೆ ಮೇಲಕ್ಕೆ ಹಾರುತ್ತದೆ, ಸಂದಿನಿಂದ ಹೊರಬರುವ ಬುದ್ಧಿ ಅದಕ್ಕಿಲ್ಲ. ಎರಡು ಕಿಲೋ ಕಳಿತ ಬಾಳೆಹಣ್ಣಿಗೆ ನೂರು ಗ್ರಾಂ ಬೆಲ್ಲ ಕಿವುಚಿ ಎರಡು ದಿನ ಹುಳಿಯಲು ಬಿಡಿ. ಮುಚ್ಚಳ ಬಿಗಿ ಮಾಡಿದರೆ ಗಾಳಿ ತುಂಬಿ ಡಬ್ಬಿ ಸಿಡಿಯುತ್ತದೆ. ಎಲ್ಲ ಬಲೆಗೂ ಒಂದೇ ದಿನದ ಹಣ್ಣು ಹಾಕಬೇಕು, ಇಲ್ಲದಿದ್ದರೆ ನೀವು ಹೋಲಿಸುವುದು ತೋಟವನ್ನಲ್ಲ, ಹಣ್ಣಿನ ಹುಳಿಯನ್ನು. ತೂಗುದಾರಕ್ಕೆ ಗ್ರೀಸ್ ಹಚ್ಚದಿದ್ದರೆ ಇರುವೆ ಬಂದು ಬೆಳಿಗ್ಗೆಗೆ ರೆಕ್ಕೆ ಮಾತ್ರ ಉಳಿಯುತ್ತದೆ. ದಿನಕ್ಕೊಮ್ಮೆ ತೆಗೆದು, ಹಿಂರೆಕ್ಕೆಯ ಅಡಿಗೆ ಸಣ್ಣ ಮೊನೆಯ ಮಾರ್ಕರ್‌ನಿಂದ ಸಂಖ್ಯೆ ಬರೆದು ಬಿಡಿ. ನಲವತ್ತಕ್ಕೆ ಗುರುತು ಹಾಕಿ, ಮುಂದಿನ ಬಾರಿ ಹಿಡಿದ ಮೂವತ್ತರಲ್ಲಿ ಆರು ಗುರುತಿನವು ಇದ್ದರೆ ಅಂದಾಜು ಇನ್ನೂರು ಚಿಟ್ಟೆಗಳಿವೆ. ಬಲೆ ಒಂದೆರಡು ನೆಲದ ಹತ್ತಿರ, ಒಂದೆರಡು ಮರದ ನೆತ್ತಿಯಲ್ಲಿ ಇರಲಿ, ಕೆಳಗಿನವು ಬುಶ್‌ಬ್ರೌನ್‌ಗಳ ಲೆಕ್ಕ ಕೊಡುತ್ತವೆ, ರಾಜಾಗಳಿಗೆ ಮೇಲಿನದೇ ಬೇಕು. ಟೈಗರ್ ಮತ್ತು ಸೇಲರ್‌ಗಳು ಹಣ್ಣಿಗೆ ಬರುವುದು ಕಡಿಮೆ. ಅವಕ್ಕೆ ಬಿಸಿಲಿದ್ದಾಗ ನಿಗದಿತ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದು, ಎಡಬಲ ಎರಡೂವರೆ ಮೀಟರ್, ಮುಂದೆ ಐದು ಮೀಟರ್ ಒಳಗೆ ಕಂಡವನ್ನು ಎಣಿಸುವ ಪೊಲಾರ್ಡ್ ನಡಿಗೆಯೇ ಸರಿ.

ಬಲೆ ಕಟ್ಟುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ತೋಟ ನಿಮ್ಮ ಹೆಸರಿನಲ್ಲಿದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಚಿಟ್ಟೆ ನಿಮ್ಮದಲ್ಲ, ಮತ್ತು ಆ ಪಟ್ಟಿ 2022ರ ತಿದ್ದುಪಡಿಯಲ್ಲಿ ಬದಲಾಗಿದೆ, ಹೊಸದನ್ನೇ ನೋಡಿ.

ಅಡಿಕೆ ಸಸಿಯ ಎಲೆಯನ್ನು ಹಸಿರು ಹುಳು ತಿನ್ನುತ್ತಿದೆ, ಔಷಧಿ ಹೊಡೆಯಬೇಕೆ ಎಂದು ಸಭೆಯಿಂದ ಒಬ್ಬರು ಕೇಳಿದರು. ತಲೆಯ ಮೇಲೆ ಎರಡು ಕೊಂಬು, ಮೈಮೇಲೆ ಉದ್ದಕ್ಕೆ ಹಳದಿ ಗೆರೆ ಇದ್ದರೆ ಅದು ಪಾಮ್‌ಫ್ಲೈ. ಒಂದು ಸಸಿಯಲ್ಲಿ ಒಂದೆರಡೇ ಇರುತ್ತವೆ, ಗರಿಯ ಅಂಚು ಕಚ್ಚುತ್ತವೆ, ಸುಳಿಗೆ ಹೋಗುವುದಿಲ್ಲ. ಔಷಧಿಯ ಖರ್ಚು ಬೇಡ. ಸಸಿ ತೀರ ಎಳೆಯದಾದರೆ ಹುಳುವನ್ನು ಕೈಯಿಂದ ಎತ್ತಿ ಪಕ್ಕದ ಬಲಿತ ಸಸಿಯ ಹಸಿರು ಗರಿಗೇ ಬಿಡಿ; ದೊಡ್ಡ ಮರದ ಬಿದ್ದ ಗರಿಯ ಮೇಲೆ ಬೇಡ, ಒಣಗಿದ್ದನ್ನು ಅದು ತಿನ್ನುವುದಿಲ್ಲ.